ಸ್ಟೆಮ್ ಸೆಲ್ ಹಾಕಿಸಿದರೆ ಸುಟ್ಟ ಕಲೆ ಹೋಗುತ್ತಾ?

ಪ್ರಶ್ನೆ: ನಮ್ಮ ಮಗಳ ಮೇಲೆ 4 ವರ್ಷದ ಹಿಂದೆ ಕುದಿಯುವ ಸಾರು ಚೆಲ್ಲಿ ತೋಳು ಸುಟ್ಟಿತ್ತು. ಗಾಯ ಮಾಗಿದೆ, ಕಲೆ ಹಾಗೇ ಇದೆ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಕಲೆ ಪೂರ್ತಿ ಹೋಗಿ ಮೊದಲಿನ ಚರ್ಮ ಬರುತ್ತದಂತೆ. ಟ್ರಯಲ್ ಕೂಡ ಸಕ್ಸಸ್ ಆಗಿದೆಯಂತೆ. ಕೊಡಿಸಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಾರಿನ ಬದಲು ಒಮ್ಮೆ ಬಚ್ಚಲ ಹಂಡೆಯ ನೀರು, ಒಮ್ಮೆ ದೀಪಾವಳಿ ಪಟಾಕಿ, ಅಷ್ಟೇ ವ್ಯತ್ಯಾಸ. ಒಂದೊಂದು ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ. ಸ್ಟೆಮ್ ಸೆಲ್ ಅಂದರೆ ಹೊಸ ಹೊಸ ಜೀವಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶ.

"ಮೊದಲಿನ ಚರ್ಮ ಬರುತ್ತದೆ" ಅನ್ನುವ ಮಾತು ಸುಳ್ಳು. ತೊಂದರೆ ಅರ್ಧ ನಮ್ಮ ಭಾಷೆಯಲ್ಲೇ ಇದೆ. ಬಟ್ಟೆಗೆ ಸಾರು ಬಿದ್ದರೂ ಕಲೆ, ಕೈಗೆ ಸಾರು ಬಿದ್ದರೂ ಕಲೆ. ಒಂದೇ ಪದ. ಹಾಗಾಗಿ ಚರ್ಮದ ಕಲೆಯನ್ನೂ ಉಜ್ಜಿ ತೆಗೆಯಬಹುದು, ಅದರ ಕೆಳಗೆ ಹಳೆಯ ಚರ್ಮ ಕಾದು ಕೂತಿದೆ ಅನ್ನಿಸುತ್ತದೆ. ಕೆಳಗೆ ಏನೂ ಕೂತಿಲ್ಲ. ಆಳವಾಗಿ ಸುಟ್ಟಾಗ ಚರ್ಮದ ಒಳಪದರವೇ ಹೋಗಿರುತ್ತದೆ. ಜೊತೆಗೆ ಕೂದಲ ಬುಡ, ಬೆವರಿನ ಗ್ರಂಥಿ ಎಲ್ಲವೂ ಹೋಗಿರುತ್ತವೆ. ಆ ಖಾಲಿ ಜಾಗವನ್ನು ದೇಹ ಕೊಲಾಜನ್ ಎಂಬ ನಾರಿನಿಂದ ಅವಸರದಲ್ಲಿ ಮುಚ್ಚುತ್ತದೆ. ಒಳ್ಳೆಯ ಚರ್ಮದಲ್ಲಿ ಈ ನಾರು ಬುಟ್ಟಿ ಹೆಣೆದ ಹಾಗೆ ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಕಲೆಯಲ್ಲಿ ಹುಲ್ಲಿನ ಕಂತೆಯ ಹಾಗೆ ಒಂದೇ ಕಡೆಗೆ ಒತ್ತಾಗಿ ಮಲಗಿರುತ್ತದೆ. ಅದಕ್ಕೇ ಕಲೆ ಗಟ್ಟಿ, ಬಿಗಿ. ಅಲ್ಲಿ ಬೆವರೂ ಬರಲ್ಲ.

"ಸ್ಟೆಮ್ ಸೆಲ್ ಹೋಗಿ ಹೊಸ ಚರ್ಮ ಆಗುತ್ತಲ್ವಾ?" ಎಂದು ಕೇಳುತ್ತೀರಿ. ನಿಜವಾದ ಚರ್ಮದ ಸ್ಟೆಮ್ ಸೆಲ್ ಬಳಸಿದ ಕಥೆಯನ್ನೇ ಕೇಳಿ. 1975ರಲ್ಲಿ ಅಮೆರಿಕದ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯರ ಚರ್ಮದ ಹೊರಪದರದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ದಾರಿ ಕಂಡುಹಿಡಿದರು. 1983ರಲ್ಲಿ 5 ಮತ್ತು 6 ವರ್ಷದ ಇಬ್ಬರು ಅಣ್ಣತಮ್ಮಂದಿರು ಬಾಸ್ಟನ್‌ನ ಆಸ್ಪತ್ರೆಗೆ ಬಂದರು. ಇಬ್ಬರಿಗೂ ಮೈಯ ಶೇ. 95ಕ್ಕಿಂತ ಜಾಸ್ತಿ ಸುಟ್ಟಿತ್ತು. ಬೇರೆ ಕಡೆಯಿಂದ ತೆಗೆದು ಹಚ್ಚೋಣ ಎಂದರೆ ಚರ್ಮವೇ ಉಳಿದಿರಲಿಲ್ಲ. ಸುಡದೆ ಉಳಿದಿದ್ದ ಪುಟ್ಟ ತುಂಡನ್ನು ತೆಗೆದು, ಲ್ಯಾಬಿನಲ್ಲಿ ಹಾಳೆ ಹಾಳೆಯಾಗಿ ಬೆಳೆಸಿ, ಮೈಯ ಹತ್ತಿರ ಹತ್ತಿರ ಅರ್ಧ ಭಾಗವನ್ನು ಅದರಿಂದ ಮುಚ್ಚಿದರು. ಇಬ್ಬರೂ ಬದುಕಿದರು. ಸುಟ್ಟ ಗಾಯದ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗೆ ಗೊತ್ತಿಲ್ಲ. ಆದರೂ ಆ ಹೊಸ ಚರ್ಮದಲ್ಲಿ ಬೆವರಿನ ಗ್ರಂಥಿ ಬರಲಿಲ್ಲ, ಕೂದಲು ಬರಲಿಲ್ಲ. ಬೆಳೆದದ್ದು ಹೊರಪದರ ಮಾತ್ರ. ಕಲೆ ಉಳಿಯಿತು. ಜೀವ ಉಳಿಸಿದ ಸ್ಟೆಮ್ ಸೆಲ್‌ಗೇ ಆಗದ ಕೆಲಸ ಒಂದು ಇಂಜೆಕ್ಷನ್ನಿಂದ ಆಗುತ್ತದಾ?

ಇನ್ನೊಂದು ಮಾತು. ಈಗ ಟ್ರಯಲ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಚರ್ಮದ ಸ್ಟೆಮ್ ಸೆಲ್ ಅಲ್ಲ. ಮೂಳೆ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದದ್ದು. ಅವು ಚರ್ಮವಾಗಿ ಬೆಳೆಯುವುದಕ್ಕಿಂತ, ಉರಿಯೂತ ತಗ್ಗಿಸುವ, ರಕ್ತನಾಳ ಬೆಳೆಸುವ ರಾಸಾಯನಿಕಗಳನ್ನು ಸುತ್ತಲಿನ ಕೋಶಗಳಿಗೆ ಕಳಿಸುತ್ತವೆ. ಬಹುಪಾಲು ಕೆಲವೇ ದಿನ, ವಾರಗಳಲ್ಲಿ ಸತ್ತುಹೋಗುತ್ತವೆ.

ಸರಿ, "ಸಕ್ಸಸ್ ಆದ ಟ್ರಯಲ್" ಯಾವುದು? ಅಮೆರಿಕದ ಮಯಾಮಿಯಲ್ಲಿ ನಡೆದ ಮೊದಲ ಹಂತದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. 10 ರೋಗಿಗಳು. ಬೇರೆಯವರ ಮೂಳೆ ಮಜ್ಜೆಯ ಕೋಶಗಳನ್ನು ಅವರ ಗಾಯಕ್ಕೆ ಹಾಕಿದರು. ಅವು ಹಸಿ ಗಾಯಗಳು, ನಿಮ್ಮ ಮಗಳಿಗಿರುವಂಥ ಹಳೇ ಕಲೆ ಅಲ್ಲ. ಮೊದಲ ಹಂತದಲ್ಲಿ ಮುಖ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದರಿಂದ ಅಪಾಯ ಇದೆಯಾ? ಗುಣ ಆಗುತ್ತದಾ ಎಂಬುದು ಆಮೇಲಿನ ಹಂತಗಳ ಪ್ರಶ್ನೆ.

ಹಳೇ ಕಲೆಯ ಕಥೆ ಬೇರೆ. 2008ರಲ್ಲಿ ಇಟಲಿಯ ವೈದ್ಯರು 3 ರೋಗಿಗಳ ಮುಖದ ಸುಟ್ಟ ಕಲೆಯ ಅಡಿಗೆ ಅವರದೇ ಕೊಬ್ಬು ಚುಚ್ಚಿ, ಚರ್ಮ ಮೆತ್ತಗಾಯಿತು ಎಂದು ವರದಿ ಮಾಡಿದರು. ಕೊಬ್ಬಿನಲ್ಲಿ ಸ್ಟೆಮ್ ಸೆಲ್ ಇರುತ್ತದೆ, ಹಾಗಾಗಿ ಆಸೆ ಹುಟ್ಟಿತು. 2017ರಲ್ಲಿ ಅಮೆರಿಕದ ಒಂದು ತಂಡ ಇದನ್ನು ಸರಿಯಾಗಿ ಪರೀಕ್ಷೆ ಮಾಡಿತು. 8 ಮಕ್ಕಳು. ಕಲೆಯ ಒಂದರ್ಧಕ್ಕೆ ಕೊಬ್ಬು, ಇನ್ನೊಂದರ್ಧಕ್ಕೆ ಬರೀ ಸಲೈನ್. ಯಾವ ಕಡೆ ಏನಿದೆ ಎಂದು ಆಮೇಲೆ ಕಲೆ ನೋಡಿ ಅಂಕ ಕೊಡುವವರಿಗೂ ಗೊತ್ತಿಲ್ಲ. ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಈ ಪರೀಕ್ಷೆ ನನಗೆ ಬಹಳ ಇಷ್ಟ. ಚಿಕ್ಕದೇ, ಆದರೆ ಕೇಳಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಿದೆ. ಎಷ್ಟೋ ಕಲೆಗಳು ವರ್ಷ, ಎರಡು ವರ್ಷದಲ್ಲಿ ತಾವಾಗಿಯೇ ಸ್ವಲ್ಪ ಮೆತ್ತಗಾಗುತ್ತವೆ. ಹೋಲಿಸಲು ಇನ್ನೊಂದು ಅರ್ಧ ಇಲ್ಲದಿದ್ದರೆ ಆ ಹೆಸರು ಇಂಜೆಕ್ಷನ್ನಿಗೆ ಹೋಗುತ್ತದೆ.

ಭಾರತದಲ್ಲಿ ಸುಟ್ಟ ಕಲೆಗೆ ಸ್ಟೆಮ್ ಸೆಲ್ ಒಪ್ಪಿಗೆ ಪಡೆದ ಚಿಕಿತ್ಸೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಇಂಥದ್ದನ್ನು ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಸುಮ್ನೆ ಎದ್ದು ಬನ್ನಿ. ಮಗಳಿಗೆ ಮೊಣಕೈ ಮಡಚಲು ಬಿಗಿ ಆಗುತ್ತಿದ್ದರೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಬಿಗಿ ಬಿಡಿಸುವ ಆಪರೇಷನ್ ಇದೆ, ಲೇಸರ್ ಇದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸುಟ್ಟದ್ದನ್ನು ಮೊದಲಿನ ಹಾಗೆ ಮಾಡುವುದರಲ್ಲಿ ಸ್ಟೆಮ್ ಸೆಲ್ ನಿಜವಾಗಿ ಗೆದ್ದ ಜಾಗ ಒಂದಿದೆ: ಕಣ್ಣು. ಎಲೆಅಡಿಕೆಗೆ ಇಟ್ಟ ಸುಣ್ಣದ ಪ್ಯಾಕೆಟ್ ಒತ್ತಿ ಮಕ್ಕಳ ಕಣ್ಣಿಗೆ ಸಿಡಿಯುವುದು ನಮ್ಮಲ್ಲಿ ಅಪರೂಪವೇನಲ್ಲ. ಕರಿಗುಡ್ಡೆಯ ಅಂಚಿನ ಸ್ಟೆಮ್ ಸೆಲ್ ಸುಟ್ಟರೆ ಪಾರದರ್ಶಕ ಪದರ ಮತ್ತೆ ಹುಟ್ಟುವುದಿಲ್ಲ, ಕಣ್ಣು ಮಸುಕಾಗುತ್ತದೆ. ಇಟಲಿಯಲ್ಲಿ ಆ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ 112 ರೋಗಿಗಳಿಗೆ ಹಾಕಿದ ವರದಿ 2010ರಲ್ಲಿ ಬಂತು. ನಾಲ್ಕರಲ್ಲಿ ಮೂರು ಪಾಲು ಗೆಲುವು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಲ್ಯಾಬೇ ಬೇಡದ ದಾರಿ ತೋರಿಸಿದರು. ಚೆನ್ನಾಗಿರುವ ಕಣ್ಣಿನಿಂದ 2 ಮಿಲಿಮೀಟರ್ ಉದ್ದಗಲದ ಚೂರು ತೆಗೆದು, ಸಣ್ಣದಾಗಿ ಕತ್ತರಿಸಿ, ಸುಟ್ಟ ಕಣ್ಣಿನ ಮೇಲೆ ಅಂಟಿಸುವುದು. ಅಲ್ಲಿ ಯಾಕೆ ಆಗುತ್ತದೆ ಎಂದರೆ, ಆ ಪದರದಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿ ಇಲ್ಲ. ಅಲ್ಲಿ ಕಟ್ಟಬೇಕಾದದ್ದು ಒಂದು ತೆಳು ಹಾಳೆ ಮಾತ್ರ.

ಆದರೆ ಸುಣ್ಣ ಬಿದ್ದ ಕ್ಷಣದಲ್ಲಿ ಬೇಕಾದದ್ದು ನೀರು. ನೀರು ಹಾಕಿದರೆ ಸುಣ್ಣ ಇನ್ನೂ ಸುಡುತ್ತದೆ ಎಂದು ಎಣ್ಣೆ ಹುಡುಕುತ್ತಾ ಕೂರಬೇಡಿ. ನಲ್ಲಿ ಕೆಳಗೆ ಮಗುವಿನ ಕಣ್ಣು ಅಗಲಿಸಿ ಹಿಡಿದು ಅರ್ಧ ಗಂಟೆ ತೊಳೆಯಿರಿ. ರೆಪ್ಪೆ ಸಂದಿಯ ಸುಣ್ಣದ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಆಮೇಲೆ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೊರಡಿ.