ಕೋಲು ಹಿಡಿದ ಕೈ ಯಾರದು?

ಯಹೂದಿಗಳ ಧರ್ಮಗ್ರಂಥವಾದ ಹೀಬ್ರೂ ಬೈಬಲ್ಲಿನಲ್ಲಿ ಕೋಲಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಯಾಕೋಬನು ತೊಗಟೆ ಸುಲಿದು ಹಿಂಡಿನ ಮುಂದಿಟ್ಟದ್ದು ‘ಮಕ್ಕೇಲ್’. ಮೋಶೆಯ ಕೈಯಿಂದ ಬಿದ್ದು ಹಾವಾದದ್ದು ‘ಮಟ್ಟೆ’. ಬರೆಯುವವನು ಎರಡರಲ್ಲಿ ಯಾವುದನ್ನು ಹಿಡಿಯುತ್ತಾನೆ ಎಂಬುದು ಹೆಚ್ಚಾಗಿ ರೂಢಿಯ ಮಾತು. ಅವನು ಅದನ್ನು ಯೋಚಿಸಿ ಮಾಡುವುದಿಲ್ಲ. ಯೋಚಿಸದೆ ಮಾಡಿದ್ದರಿಂದಲೇ, ಬರೆದವನು ಯಾರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇಸ್ರೇಲಿನ ಮೋಶೆ ಕೊಪ್ಪೆಲ್, ನವೋಟ್ ಅಕಿವಾ ಹಾಗೂ ತಂದೆ-ಮಗ ನಾಹುಮ್ ಮತ್ತು ಇದಾನ್ ಡೆರ್ಶೋವಿಟ್ಸ್ 2011ರಲ್ಲಿ ಪ್ರಕಟಿಸಿದ, ಒಂದೇ ಪಠ್ಯದಲ್ಲಿ ಬೆರೆತ ಬೇರೆ ಬೇರೆ ಲೇಖಕರ ಬರಹಗಳನ್ನು ವಿಂಗಡಿಸುವ ತಂತ್ರಾಂಶ ಹೊರಟಿದ್ದು ಈ ಸಾಕ್ಷಿಯ ಬೆನ್ನು ಹತ್ತಿ. ಆದರೆ ಯಾವ ಪದಗಳು ಸಮಾನಾರ್ಥಕ ಎಂದು ಯಂತ್ರಕ್ಕೆ ಹೇಳುವವರು ಯಾರು? ಅವರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಒಂದೇ ಪದವಾಗಿ ಅನುವಾದಗೊಂಡ ಹೀಬ್ರೂ ಪದಗಳನ್ನು ಪದಸೂಚಿಯ ನೆರವಿನಿಂದ ಒಟ್ಟುಗೂಡಿಸಿದರು. ಮೂಲದ ಯಾವ ಭೇದವನ್ನು ಅನುವಾದ ಅಳಿಸಿತ್ತೋ, ಆ ಭೇದವನ್ನು ಪತ್ತೆ ಹಚ್ಚಲು ಅನುವಾದವೇ ನೆರವಾಯಿತು. ಈ ಆಯ್ಕೆಗಳ ಆಧಾರದಲ್ಲಿ ಮೊದಲ ವಿಂಗಡಣೆ. ಖಚಿತವಾಗಿ ಬೇರೆಯಾದ ಭಾಗಗಳಿಂದ ಸಾಮಾನ್ಯ ಪದಗಳ ಬಳಕೆಯನ್ನು ಕಲಿತು, ಉಳಿದದ್ದರ ವಿಂಗಡಣೆ ಆಮೇಲೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಯಿಂದ ಉಪಕರಣವನ್ನು ಪರೀಕ್ಷಿಸಲಾಗದು. ಹಾಗಾಗಿ ಬೈಬಲ್ಲಿನ ಇಬ್ಬರು ಪ್ರವಾದಿಗಳ ಗ್ರಂಥಗಳಿಂದ, ಯೆರೆಮೀಯನ 52 ಅಧ್ಯಾಯಗಳನ್ನೂ ಯೆಹೆಜ್ಕೇಲನ 48 ಅಧ್ಯಾಯಗಳನ್ನೂ ಇಸ್ಪೀಟಿನ ಎಲೆಗಳಂತೆ ಕಲಸಿ ಕೊಟ್ಟರು. ತಂತ್ರಾಂಶ ಸುಮಾರು ಶೇ. 99ರಷ್ಟು ನಿಖರವಾಗಿ ಅವನ್ನು ಬೇರ್ಪಡಿಸಿತು. ನಂತರ ಮೋಶೆಯ ಹೆಸರಿನಲ್ಲಿರುವ ಐದು ಗ್ರಂಥಗಳ ಸರದಿ. ವಿದ್ವಾಂಸರು ಅವುಗಳಲ್ಲಿ ಯಾಜಕ (ಪುರೋಹಿತ) ಪರಂಪರೆಯ ಬರಹವನ್ನು ಬಹಳ ಹಿಂದೆಯೇ ಪ್ರತ್ಯೇಕವಾಗಿ ಗುರುತಿಸಿದ್ದರು. ಯಂತ್ರದ ಗೆರೆ ಸುಮಾರು ಶೇ. 90ರಷ್ಟು ಅದರೊಂದಿಗೆ ಹೊಂದಿತು.

ಹೊಂದದ ಕಡೆಗಳು ಇನ್ನೂ ಕುತೂಹಲಕರ. ಸೃಷ್ಟಿಯನ್ನು ಹೇಳುವ ಆದಿಕಾಂಡದ ಮೊದಲ ಅಧ್ಯಾಯವನ್ನು ವಿದ್ವಾಂಸರು ಸಾಮಾನ್ಯವಾಗಿ ಯಾಜಕರದೆನ್ನುತ್ತಾರೆ, ಯಂತ್ರ ಅಲ್ಲವೆಂದಿತು. ಯಂತ್ರವೇ ಸರಿ ಎಂದು ನಾನು ಹೇಳಲಾರೆ. ಒಂದು ಅಧ್ಯಾಯದಲ್ಲಿ ಎಣಿಸಲು ಸಿಗುವ ಪದಗಳು ಕಡಿಮೆ. ವಸ್ತು ಬದಲಾದಾಗ ಒಬ್ಬನೇ ಲೇಖಕನ ಪದಗಳೂ ಬದಲಾಗುತ್ತವೆ.

ಇಷ್ಟಾದರೂ ಬರೆದ ಕಾಲ ತಿಳಿಯುವುದಿಲ್ಲ. ಅದಕ್ಕೆ ಚರ್ಮ ಮತ್ತು ಶಾಯಿಯ ಕಡೆಗೇ ತಿರುಗಬೇಕು. ನೆದರ್ಲ್ಯಾಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಮ್ಲಾಡೆನ್ ಪೊಪೊವಿಚ್ ಅವರ ತಂಡ 2025ರಲ್ಲಿ ‘ಈನೋಕ್’ ಎಂಬ ತಂತ್ರಾಂಶವನ್ನು ಮಂಡಿಸಿತು. ಇಂಗಾಲ-14 ವಿಧಾನದಿಂದ ವಯಸ್ಸು ಗೊತ್ತಾದ, ಮೃತ ಸಮುದ್ರದ ಬಳಿ ಸಿಕ್ಕ ಪ್ರಾಚೀನ ಹಸ್ತಪ್ರತಿ ಸುರುಳಿಗಳಿಂದ ಅದು ಅಕ್ಷರದ ತಿರುವುಗಳನ್ನು ಕಲಿತು, ಬೇರೆ ಸುರುಳಿಗಳ ಕಾಲವನ್ನು ಅಂದಾಜಿಸುತ್ತದೆ. ಅದು ಹೇಳುವುದು ನಕಲು ಮಾಡಿದ ಕಾಲವನ್ನು, ಗ್ರಂಥ ಹುಟ್ಟಿದ ಕಾಲವನ್ನಲ್ಲ. ಆದರೆ ಒಂದು ಕಡೆ ಈ ಎರಡೂ ಹತ್ತಿರ ಬಂದಿವೆ. ಬೈಬಲ್ಲಿನ ದಾನಿಯೇಲನ ಗ್ರಂಥದ ಒಂದು ತುಣುಕು ಕ್ರಿ.ಪೂ. 230ರಿಂದ 160ರ ನಡುವಿನದೆಂದು ಈ ಅಧ್ಯಯನ ಹೇಳುತ್ತದೆ. ಆ ಗ್ರಂಥದ ದರ್ಶನಗಳು ಕ್ರಿ.ಪೂ. 160ರ ದಶಕದಲ್ಲಿ ಅಂತಿಮ ರೂಪ ಪಡೆದವೆಂಬುದು ಬಹುಪಾಲು ವಿದ್ವಾಂಸರ ಮತ. ಹಾಗಿದ್ದರೆ, ಮೂಲ ಲೇಖಕನು ಬದುಕಿದ್ದಾಗಲೇ ಯಾರೋ ಆ ತುಣುಕಿನ ಮುಂದೆ ಲೇಖನಿ ಹಿಡಿದು ಕುಳಿತಿದ್ದಿರಬಹುದು.