ಮರುಭೂಮಿ ರೇಸಿನ ದಂತಕಥೆಯ ಟ್ರಕ್ಕುಗಳಿಗೆ ಮುಂದಿನ ಚಕ್ರದ ಎಳೆತ ಯಾಕಿರಲಿಲ್ಲ?

ಓದುಗರ ಪ್ರಶ್ನೆ: ಮೆಕ್ಸಿಕೋದ ಮರುಭೂಮಿ ರೇಸ್ ಬಾಹಾ 1000ರ ಹಳೆಯ ಫೋಟೋಗಳಲ್ಲಿ ಪಾರ್ನೆಲಿ ಜೋನ್ಸ್ ಓಡಿಸಿದ ಫೋರ್ಡ್ ಬ್ರಾಂಕೊ, ಐವನ್ ಸ್ಟೀವರ್ಟ್ ಓಡಿಸಿದ ಟೊಯೋಟಾ ಎರಡೂ ನೋಡಲು ಫೋರ್ ವೀಲ್ ಡ್ರೈವ್ ಗಾಡಿಗಳ ಹಾಗೇ ಇವೆ. ಆದರೆ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತಿತ್ತಂತೆ. ಮರಳಲ್ಲಿ ಓಡುವ ಗಾಡಿಗೆ ನಾಲ್ಕೂ ಚಕ್ರ ಎಳೆಯುವುದು ಬೇಡವೆ?

ಉತ್ತರ: ನೀವು ಕೇಳಿದ್ದು ನಿಜವೇ. ಗೊಂದಲ ಹುಟ್ಟುವುದು ‘ಮರುಭೂಮಿ’ ಎಂದ ಕೂಡಲೇ ಕಣ್ಣಮುಂದೆ ಬರುವ ಮರಳು ದಿಬ್ಬಗಳಿಂದ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ಹಾದಿಯಲ್ಲಿ ಹೆಚ್ಚು ಸಿಗುವುದು ಗಟ್ಟಿ ಮಣ್ಣು, ಜಲ್ಲಿ, ಒಣಗಿದ ಹಳ್ಳ, ಮುಷ್ಟಿಗಾತ್ರದ ಕಲ್ಲು. ಇಂಥ ನೆಲದಲ್ಲಿ ಒಳ್ಳೆಯ ಟಯರು ಹಾಕಿದ ಎರಡು ಹಿಂದಿನ ಚಕ್ರಗಳಿಗೆ ಹಿಡಿತ ಸಾಕಷ್ಟು ಸಿಗುತ್ತದೆ. ಗಾಡಿ ನಿಧಾನವಾಗುವುದು ಹಿಡಿತ ಸಾಲದೆ ಅಲ್ಲ, ನೆಲದ ಹೊಡೆತ ತಾಳಲಾಗದೆ.

ಆ ಹೊಡೆತದ ಮುಖ್ಯ ಮೂಲ ವೂಪ್ಸ್, ಅಂದರೆ ಹಾದಿಯುದ್ದಕ್ಕೂ ಅಲೆಅಲೆಯಾಗಿ ಏಳುವ ಮಣ್ಣಿನ ಉಬ್ಬುಗಳು. ಒಂದು ಸಣ್ಣ ತಗ್ಗಿಗೆ ಚಕ್ರ ಬಿದ್ದು ಪುಟಿದಾಗ ಮುಂದೆ ಇಳಿದ ಜಾಗದಲ್ಲಿ ಮಣ್ಣು ಕೆದರುತ್ತದೆ. ನೂರಾರು ಗಾಡಿ ಅದೇ ಜಾಡಿನಲ್ಲಿ ಹೋದರೆ ಅದೇ ತಗ್ಗು ಆಳವಾಗಿ, ಅದರಾಚೆ ಇನ್ನೊಂದು ಹುಟ್ಟುತ್ತದೆ. ಹೀಗೆ ಮೈಲಿಗಟ್ಟಲೆ.

ಇಲ್ಲಿ ಲೆಕ್ಕ ತುಂಬ ಸರಳ. ಒಂದು ಮೀಟರ್ ಎತ್ತರದಿಂದ ಗಾಡಿ ನೆಲಕ್ಕೆ ಬಿತ್ತು ಎಂದುಕೊಳ್ಳಿ. ಸಸ್ಪೆನ್ಷನ್ ಕುಗ್ಗಲು 25 ಸೆಂಟಿಮೀಟರ್ ಜಾಗವಿದ್ದರೆ, ಬೀಳುವ ವೇಗವನ್ನು ಕೊಲ್ಲಲು ಗುರುತ್ವದ ನಾಲ್ಕು ಪಟ್ಟು ತಡೆ ಬೇಕು. ಅದೇ 65 ಸೆಂಟಿಮೀಟರ್ ಇದ್ದರೆ ಒಂದೂವರೆ ಪಟ್ಟು ಸಾಕು. ಗಾಡಿಯ ಸಹಜ ತೂಕ ಇದರ ಮೇಲೆ. ಮೊದಲನೆಯದರಲ್ಲಿ ಚಾಲಕನ ಬೆನ್ನುಮೂಳೆ, ಚಾಸಿಸ್ಸಿನ ಬೆಸುಗೆ, ಷಾಕ್‌ಗಳ (ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆಗಳು) ಬ್ರಾಕೆಟ್ಟು ಎಲ್ಲಕ್ಕೂ ಪೆಟ್ಟು. ಎರಡನೆಯದರಲ್ಲಿ ಆಕ್ಸಲರೇಟರ್ ಬಿಡುವ ಅಗತ್ಯವೇ ಬರುವುದಿಲ್ಲ. ಮರುಭೂಮಿ ರೇಸಿನಲ್ಲಿ ಹಾರ್ಸ್‌ಪವರಿಗಿಂತ ಮೊದಲು ಕೇಳುವ ಪ್ರಶ್ನೆ ‘ಟ್ರಾವೆಲ್ ಎಷ್ಟು’ ಎಂಬುದು. ಚಕ್ರ ತೀರಾ ಕೆಳಗಿನಿಂದ ತೀರಾ ಮೇಲಕ್ಕೆ ಎಷ್ಟು ಏರಬಲ್ಲದು ಎಂಬ ಅಳತೆ ಅದು.

ಮುಂದಿನ ಚಕ್ರಕ್ಕೆ ಶಕ್ತಿ ಕೊಟ್ಟ ಕ್ಷಣವೇ ಈ ಟ್ರಾವೆಲ್ಲಿಗೆ ಕತ್ತರಿ ಬೀಳುತ್ತದೆ. ಹಳೆಯ ಕಾಲದ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಮುಂದೆ ಇಡೀ ಅಗಲಕ್ಕೆ ಒಂದೇ ಗಟ್ಟಿ ಆಕ್ಸಲ್. ಅದರ ನೇರ ಮೇಲೆ ಎಂಜಿನ್ನಿನ ಆಯಿಲ್ ಪ್ಯಾನ್. ಆಕ್ಸಲ್ ಹೆಚ್ಚು ಮೇಲೇರಿದರೆ ಪ್ಯಾನಿಗೆ ಬಡಿಯುತ್ತದೆ, ಆದ್ದರಿಂದ ಅದಕ್ಕೂ ಮೊದಲೇ ರಬ್ಬರ್ ತಡೆ ಇಡಬೇಕು. ಜೊತೆಗೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ಲಿನ ಭಾರವೆಲ್ಲ ಚಕ್ರದ ಜೊತೆಗೇ ಕುಣಿಯುತ್ತದೆ. ಅಷ್ಟು ಭಾರವನ್ನು ಸೆಕೆಂಡಿಗೆ ಹಲವು ಸಲ ಮೇಲೆ ಕೆಳಗೆ ಮಾಡಿದರೆ ಷಾಕ್‌ನ ಎಣ್ಣೆ ಕಾದು ತೆಳುವಾಗಿ ತಡೆಯುವ ಶಕ್ತಿಯೇ ಹೋಗುತ್ತದೆ. ಆ ಕಾಲದ ಗಾಡಿಗಳಲ್ಲಿ ಒಂದೊಂದು ಚಕ್ರಕ್ಕೂ ಎರಡು ಮೂರು ಷಾಕ್ ಕಾಣುವುದು ಇದಕ್ಕೇ, ಅಂದಕ್ಕಲ್ಲ.

ಗಟ್ಟಿ ಆಕ್ಸಲ್ ಬಿಟ್ಟು ಎರಡೂ ಚಕ್ರಕ್ಕೆ ಶಕ್ತಿ ಒಯ್ಯುವ ಬೇರೆ ಬೇರೆ ದಂಡ, ಅಂದರೆ ಹಾಫ್ ಶಾಫ್ಟ್ ಕೊಟ್ಟರೆ? ಆಗ ಅಡ್ಡ ಬರುವುದು ಸಿ.ವಿ. ಜಾಯಿಂಟ್, ಅಂದರೆ ಬಾಗಿದರೂ ಶಾಫ್ಟ್ ಒಂದೇ ಸಮ ತಿರುಗುವಂತೆ ಮಾಡುವ ಗುಂಡುಗಳ ಕೀಲು. ವೇಗವಾಗಿ ತಿರುಗುತ್ತ ಭಾರ ಎಳೆಯುವಾಗ ಈ ಜಾಯಿಂಟ್ ನೆಮ್ಮದಿಯಾಗಿ ಬಾಗುವುದು ಸುಮಾರು 25 ಡಿಗ್ರಿ. ಎರಡು ಜಾಯಿಂಟುಗಳ ನಡುವೆ 50 ಸೆಂಟಿಮೀಟರ್ ಶಾಫ್ಟ್ ಇದ್ದರೆ ಮೇಲೆ 21, ಕೆಳಗೆ 21, ಒಟ್ಟು 42 ಸೆಂಟಿಮೀಟರಿಗೆ ಆಟ ಮುಗಿಯಿತು. ಶಾಫ್ಟ್ ಉದ್ದ ಮಾಡೋಣವೆಂದರೆ ಮಧ್ಯದಲ್ಲಿ ಡಿಫರೆನ್ಷಿಯಲ್ ಕೂತಿದೆ. ಸಾಲದ್ದಕ್ಕೆ ಮುಂದಿನ ಚಕ್ರ ಸ್ಟೀರಿಂಗಿಗೂ ತಿರುಗಬೇಕು. ಚಕ್ರ 20 ಡಿಗ್ರಿ ಬಾಗಿರುವಾಗಲೇ 30 ಡಿಗ್ರಿ ತಿರುಗಿಸಿದರೆ ಹೊರಗಿನ ಜಾಯಿಂಟ್ ಒಟ್ಟು 35 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ಆಕ್ಸಲರೇಟರ್ ಒತ್ತಿದಿರೋ, ಮೊದಲು ಒಡೆಯುವುದು ಗುಂಡುಗಳನ್ನು ಹಿಡಿದಿಡುವ ಕೇಜ್.

ಶಾಫ್ಟೇ ಇಲ್ಲದಿದ್ದರೆ ಈ ತಲೆನೋವು ಯಾವುದೂ ಇಲ್ಲ. ಚಕ್ರವನ್ನು ಚಾಸಿಸ್ಸಿಗೆ ಸೇರಿಸುವ ಕೆಳಗಿನ ತೋಳುಗಳನ್ನು ಗಾಡಿಯ ನಡುಮಧ್ಯದವರೆಗೂ ಎಳೆದು ಉದ್ದ ಮಾಡಬಹುದು. ಹಾಗೆ ಕಟ್ಟಿದ, ಮರುಭೂಮಿ ರೇಸಿಗೆಂದೇ ತಯಾರಾಗುವ ಟ್ರೋಫಿ ಟ್ರಕ್ಕಿನಲ್ಲಿ ಮುಂದೆ ಸುಮಾರು 60ರಿಂದ 65 ಸೆಂಟಿಮೀಟರ್, ಹಿಂದೆ 75 ಸೆಂಟಿಮೀಟರಿಗೂ ಮೇಲೆ ಟ್ರಾವೆಲ್ ಸಿಗುತ್ತದೆ. ಹಿಂದಿನ ಆಕ್ಸಲ್ ಗಟ್ಟಿಯದೇ ಆದರೂ ಅಲ್ಲಿ ಸ್ಟೀರಿಂಗ್ ಇಲ್ಲ, ಮೇಲೆ ಎಂಜಿನ್ ಇಲ್ಲ, ಆಕ್ಸಲನ್ನು ಮುಂದಿನಿಂದ ಹಿಡಿದಿಡುವ ಉದ್ದನೆಯ ಟ್ರೇಲಿಂಗ್ ಆರ್ಮ್‌ಗಳಿಗೆ ಬೇಕಾದಷ್ಟು ಜಾಗ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇತಿಹಾಸ ನೋಡಿದರೆ ಗೆದ್ದವರ ಪಟ್ಟಿಯೂ ಇದೇ ಕಥೆ ಹೇಳುತ್ತದೆ. 1967ರ ಮೊದಲ ರೇಸ್‌ಗೆ ಮೆಕ್ಸಿಕನ್ 1000 ಎಂದು ಹೆಸರು. ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್ ಅದನ್ನು ಗೆದ್ದದ್ದು ಬ್ರೂಸ್ ಮೆಯರ್ಸ್ ಫೈಬರ್‌ಗ್ಲಾಸಿನಲ್ಲಿ ರೂಪಿಸಿದ ಮ್ಯಾಂಕ್ಸ್ ಎಂಬ ಬಗ್ಗಿಯಲ್ಲಿ (ಹಗುರವಾದ ತೆರೆದ ಗಾಡಿ), 27 ಗಂಟೆ 38 ನಿಮಿಷಕ್ಕೆ. ಫೋಕ್ಸ್‌ವ್ಯಾಗನ್ ಎಂಜಿನ್ ಹಿಂದಿನ ಚಕ್ರಗಳ ಹಿಂದೆ ಕೂತಿದ್ದರಿಂದ ತೂಕವೆಲ್ಲ ಎಳೆಯುವ ಚಕ್ರದ ಮೇಲೇ ಇತ್ತು, ಮೂತಿ ಹಗುರ. ನಾಲ್ಕು ಚಕ್ರ ಎಳೆಯಬೇಕಾದ ಕೆಲಸವನ್ನು ಎರಡೇ ಮಾಡಿ ಮುಗಿಸಿದವು.

1969ರಲ್ಲಿ ಇದಕ್ಕೆ ದೊಡ್ಡ ಅಪವಾದ. ರಾಡ್ ಹಾಲ್ ಮತ್ತು ಲ್ಯಾರಿ ಮೈನರ್ ಫೋರ್ ವೀಲ್ ಡ್ರೈವ್ ಬ್ರಾಂಕೊದಲ್ಲಿ ಇಡೀ ರೇಸ್ ಗೆದ್ದರು. ಕಾರ್ಖಾನೆಯಿಂದ ಬರುವ ಮಾದರಿಯ ಫೋರ್ ವೀಲ್ ಡ್ರೈವ್ ಗಾಡಿಯೊಂದು ಎಲ್ಲರನ್ನೂ ಹಿಂದಿಕ್ಕಿದ್ದು ಅದೊಂದೇ ಸಲ. ಹಾಲ್ ಅವರ ಗುಟ್ಟು ವೇಗದಲ್ಲಿರಲಿಲ್ಲ, ಗಾಡಿ ಮುರಿಯದ ಹಾಗೆ ಓಡಿಸುವುದರಲ್ಲಿತ್ತು. 2017ರಲ್ಲಿ ನಡೆದ 50ನೆಯ ಬಾಹಾದವರೆಗೆ ಒಂದನ್ನೂ ತಪ್ಪಿಸದೆ ಓಡಿದ ಮನುಷ್ಯ ಅವರು.

ಎಲ್ಲವನ್ನೂ ಬದಲಿಸಿದ್ದು ‘ಬಿಗ್ ಓಲಿ’ ಎಂಬ ಬ್ರಾಂಕೊ. 1963ರಲ್ಲಿ ಅಮೆರಿಕದ ಹೆಸರಾಂತ ಕಾರ್ ರೇಸ್ ಇಂಡಿ 500 ಗೆದ್ದಿದ್ದ ಪಾರ್ನೆಲಿ ಜೋನ್ಸ್ ಮೊದಮೊದಲು ಬಾಹಾದಲ್ಲಿ ಓಡಿಸಿದ್ದೂ ಫೋರ್ ವೀಲ್ ಡ್ರೈವ್ ಬ್ರಾಂಕೊವನ್ನೇ. ಅವರ ವೇಗಕ್ಕೆ ಆ ಗಾಡಿ ತಡೆಯಲಿಲ್ಲ. ಕೊನೆಗೆ ಬಿಲ್ ಸ್ಟ್ರಾಪಿ ಅವರ ಗ್ಯಾರೇಜಿನ ನೆರವಿನಿಂದ ಕ್ರೋಮೊಲಿ ಎಂಬ ಗಟ್ಟಿ ಉಕ್ಕಿನ ಕೊಳವೆಗಳ ಚಾಸಿಸ್ ಕಟ್ಟಿಸಿ, ಮುಂದಕ್ಕೆ ಫೋರ್ಡ್ ಪಿಕಪ್ಪಿನ ಟ್ವಿನ್ ಐ-ಬೀಮ್ (ಒಂದೊಂದು ಚಕ್ರಕ್ಕೂ ಬೇರೆ ತೊಲೆಯಿರುವ ಸಸ್ಪೆನ್ಷನ್) ಹಾಕಿಸಿ, ಮುಂದಿನ ಎಳೆತವನ್ನು ಕಿತ್ತೆಸೆದರು. ಬ್ರಾಂಕೊ ಎನ್ನಲು ಉಳಿದದ್ದು ಮೈಯ ಆಕಾರ ಮಾತ್ರ, ತಲೆಯ ಮೇಲೊಂದು ರೆಕ್ಕೆ ಬೇರೆ. ಜೋನ್ಸ್ ಮತ್ತು ಸ್ಟ್ರಾಪಿ ಅದರಲ್ಲಿ 1971 ಮತ್ತು 1972, ಎರಡೂ ವರ್ಷ ಗೆದ್ದರು. 1971ರದ್ದು 14 ಗಂಟೆ 59 ನಿಮಿಷ. ಇಂದಿನ ಟ್ರೋಫಿ ಟ್ರಕ್ಕಿನ ಅಜ್ಜ ಯಾರೆಂದು ಕೇಳಿದರೆ ನಮ್ಮ ಬೆರಳು ಇದರ ಕಡೆಗೇ. ‘ಐರನ್‌ಮ್ಯಾನ್’ ಐವನ್ ಸ್ಟೀವರ್ಟ್ ಸರದಿಯ ಚಾಲಕನಿಲ್ಲದೆ ಒಬ್ಬರೇ ಇಡೀ ರೇಸ್ ಓಡಿಸಿ ಹೆಸರಾದದ್ದಕ್ಕೆ ಅವರ ಮೈಗಟ್ಟು ಎಷ್ಟು ಕಾರಣವೋ ಹೊಡೆತ ನುಂಗುವ ಟೊಯೋಟಾದ ಸಸ್ಪೆನ್ಷನ್ನೂ ಅಷ್ಟೇ ಕಾರಣ.

ಓಡಿಸುವ ರೀತಿಗೂ ಹಿಂದಿನ ಎಳೆತವೇ ಹೊಂದುತ್ತಿತ್ತು. ವೂಪ್ಸ್ ಶುರುವಾಗುವ ಮೊದಲೇ ಬ್ರೇಕ್ ಹಾಕಿ ಮುಗಿಸಬೇಕು. ಒಳಗೆ ಹೊಕ್ಕ ಮೇಲೆ ಆಕ್ಸಲರೇಟರ್ ಹದವಾಗಿ ಒತ್ತಿಯೇ ಇರಬೇಕು. ತೂಕ ಹಿಂದಕ್ಕೆ ಸರಿದು ಮೂತಿ ಎತ್ತಿ ನಿಲ್ಲುತ್ತದೆ, ಮುಂದಿನ ಚಕ್ರ ಉಬ್ಬಿನ ತಲೆಯಿಂದ ತಲೆಗೆ ತೇಲುತ್ತದೆ. ಮಧ್ಯೆ ಹೆದರಿ ಪೆಡಲ್ ಬಿಟ್ಟರೆ ಮೂತಿ ಕುಸಿದು ಮುಂದಿನ ಉಬ್ಬಿಗೆ ನೇರ ಗುದ್ದು, ಹಿಂಭಾಗ ಮೇಲೇಳುತ್ತದೆ. ಗಾಡಿ ಪಲ್ಟಿಯಾಗುವುದು ಹೆಚ್ಚಾಗಿ ಹೀಗೆಯೇ.

ಇನ್ನೊಂದು ಹೆಸರಾಂತ ಮರುಭೂಮಿ ರೇಸ್ ಆದ ಡಾಕರ್ ರ‍್ಯಾಲಿಯಲ್ಲಿ ಮರಳು ದಿಬ್ಬಗಳು ನಿಜಕ್ಕೂ ಉಂಟು. ಅಲ್ಲೂ ಜಾನ್-ಲೂಯಿ ಶ್ಲೆಸರ್ 1999, 2000ರಲ್ಲಿ, ಪ್ಯೂಜೋ ತಂಡ 2016ರಿಂದ 2018ರವರೆಗೆ ಟೂ ವೀಲ್ ಡ್ರೈವ್ ಬಗ್ಗಿಗಳಲ್ಲೇ ಗೆದ್ದದ್ದು. ಅಲ್ಲಿ ನಿಯಮದ ಕೈವಾಡವೂ ಇತ್ತೆನ್ನಿ: ಬಗ್ಗಿಗಳಿಗೆ ಹೆಚ್ಚು ಟ್ರಾವೆಲ್, ಕಡಿಮೆ ತೂಕ, ಓಡುತ್ತಲೇ ಟಯರಿನ ಗಾಳಿ ಏರಿಸಿ ಇಳಿಸುವ ಸೌಲಭ್ಯ. 2022ರಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳಿಗೂ 35 ಸೆಂಟಿಮೀಟರ್ ಟ್ರಾವೆಲ್, 37 ಇಂಚಿನ ಟಯರು ಕೊಟ್ಟ ಮೇಲೆ ಬಗ್ಗಿಗಳ ಆ ಮೇಲುಗೈ ಕರಗಿತು.

ಬಾಹಾದಲ್ಲೂ 2010ರ ದಶಕದ ಕೊನೆಯಿಂದ ನಾಲ್ಕೂ ಚಕ್ರ ಎಳೆಯುವ ಟ್ರೋಫಿ ಟ್ರಕ್ಕುಗಳು ಮುಂಚೂಣಿಗೆ ಬಂದಿವೆ. ಜಾಯಿಂಟ್‌ಗಳು ಗಟ್ಟಿಯಾದವು, ಗಾಡಿ ಅಗಲವಾಯಿತು, ಎಂಜಿನ್ ಹಿಂದಕ್ಕೆ ಸರಿದು ಮುಂದಿನ ಡಿಫರೆನ್ಷಿಯಲ್ಲಿಗೆ ಚಾಸಿಸ್ಸಿನಲ್ಲಿ ಜಾಗ ಸಿಕ್ಕಿತು. ಜಾಯಿಂಟಿನಿಂದ ಜಾಯಿಂಟಿಗೆ 75 ಸೆಂಟಿಮೀಟರ್ ಸಿಕ್ಕರೆ ಅದೇ 25 ಡಿಗ್ರಿಯಲ್ಲಿ 63 ಸೆಂಟಿಮೀಟರ್ ಟ್ರಾವೆಲ್. ಸಿಲ್ಟ್ ಎನ್ನುವ ಹಿಟ್ಟಿನಂಥ ಧೂಳಿನ ಗುಂಡಿಗಳಲ್ಲಿ, ತಿರುವಿನಿಂದ ಹೊರಬರುವಾಗ, ಕಲ್ಲಿನ ಏರಿನಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತದೆ. ಬದಲಿಗೆ ತೂಕ ಏರಿತು, ನೋಡಿಕೊಳ್ಳುವ ಕೆಲಸವೂ ಹೆಚ್ಚಿತು.

ಪ್ರತಿ ರೇಸ್ ಮುಗಿದ ಮೇಲೆ ಮುಂದಿನ ನಾಲ್ಕೂ ಸಿ.ವಿ. ಜಾಯಿಂಟುಗಳನ್ನು ಬಿಚ್ಚಿ, ಹಳೆಯ ಗ್ರೀಸ್ ಪೂರ್ತಿ ತೊಳೆದು, ಕೇಜ್‌ನ ಕಿಂಡಿಗಳ ಮೂಲೆಗಳಲ್ಲಿ ಬಿರುಕು ಹುಡುಕಬೇಕು. ಗುಂಡು ಓಡುವ ತೋಡಿಗೆ ನೀಲಿ ಬಣ್ಣ ಬಂದಿದ್ದರೆ ಲೋಹ ಅತಿಯಾಗಿ ಕಾದಿದೆ, ಎಸೆಯುವುದೇ ಸರಿ. ಮತ್ತೆ ತುಂಬುವುದು ಮಾಲಿಬ್ಡಿನಮ್ ಗ್ರೀಸ್. ರಬ್ಬರ್ ಬೂಟಿನಲ್ಲಿ ಸಣ್ಣ ಸೀಳಿದ್ದರೂ ಬದಲಿಸಬೇಕು. ಸಿಲ್ಟ್ ಒಳಗೆ ಹೊಕ್ಕರೆ ಗ್ರೀಸ್ ಉಜ್ಜುವ ಪೇಸ್ಟ್ ಆಗುತ್ತದೆ. ರೇಸಿನ ಮಧ್ಯೆ ಒಂದು ಜಾಯಿಂಟ್ ಹೋದರೆ ಆ ಶಾಫ್ಟನ್ನೇ ಹೊರತೆಗೆದು, ಮುಂದಿನ ಎಳೆತ ಕಳಚಿ, ಹಿಂದಿನ ಎರಡು ಚಕ್ರದಲ್ಲೇ ಮುಂದಿನ ಪಿಟ್‌ವರೆಗೆ (ರಿಪೇರಿಗೆ ನಿಲ್ಲುವ ಜಾಗ) ಹೋಗುತ್ತಾರೆ. ಆದರೆ ಇದು ಸಾಧ್ಯವಾಗುವುದು ಶಾಫ್ಟ್ ಇಲ್ಲದೆಯೂ ಬೇರಿಂಗ್ ಬಿಗಿಯಾಗಿ ಕೂರುವ ರೇಸಿಂಗ್ ಹಬ್‌ನಲ್ಲಿ (ಚಕ್ರ ಕೂರುವ ನಡುಭಾಗ) ಮಾತ್ರ. ಸಾಮಾನ್ಯ ಕಾರಿನ ಹಬ್‌ಗಳಲ್ಲಿ ಹೆಚ್ಚಾಗಿ ಬೇರಿಂಗನ್ನು ಬಿಗಿದು ಹಿಡಿದಿರುವುದೇ ಶಾಫ್ಟಿನ ತುದಿಯ ನಟ್ಟು. ಅದನ್ನು ತೆಗೆದು ಓಡಿಸಿದರೆ ಬೇರಿಂಗ್ ಬಿಚ್ಚಿಕೊಂಡು ಚಕ್ರವೇ ಕಳಚಬಹುದು.