ಧೂಳು ಹಿಡಿದ ಗಾಡಿ ಬೇರೆ, ಪ್ರಾಣ ತೆಗೆಯೋ ಗಾಡಿ ಬೇರೆ

ಹೋದ ತಿಂಗಳು ನಮ್ಮ ಆಫೀಸಿಗೆ ಒಬ್ರು ರಿಟೈರ್ಡ್ ಮೇಷ್ಟ್ರು ಬಂದಿದ್ರು, ಕೈಲಿ ಒಂದು ನೋಟಿಸು. ನಿಮ್ಮ ಹೆಸರಲ್ಲಿರೋ ಓಮ್ನಿ ವ್ಯಾನು ಇಂಥ ಅಡ್ಡರಸ್ತೇಲಿ ತಿಂಗಳುಗಟ್ಲೆಯಿಂದ ಬಿದ್ದಿದೆ, ತೆಗೀರಿ, ಇಲ್ದಿದ್ರೆ ನಾವೇ ಎತ್ತಿಸಿ ಖರ್ಚು ನಿಮ್ಮಿಂದ ವಸೂಲಿ ಮಾಡ್ತೀವಿ ಅಂತ ಅದ್ರಲ್ಲಿತ್ತು. "ಸಾರ್, ಆ ಗಾಡಿ ಮಾರಿ ಒಂಬತ್ತು ವರ್ಷ ಆಯ್ತು, ದುಡ್ಡೂ ಇಸ್ಕೊಂಡಾಯ್ತು, ಇದ್ಯಾವ ನ್ಯಾಯ ಹೇಳಿ" ಅಂದ್ರು. ಟ್ರಾನ್ಸ್‌ಫರ್ ಆಗಿದ್ಯಾ ಅಂತ ಕೇಳಿದ್ದಕ್ಕೆ, ಫಾರ್ಮಿಗೆಲ್ಲಾ ಸೈನ್ ಹಾಕ್ಕೊಟ್ಟಿದ್ದೆ, ತಗೊಂಡೋನು ನಾನೇ ಮಾಡಿಸ್ಕೋತೀನಿ ಅಂದಿದ್ದ ಅಂದ್ರು.

ಸಾಯಂಕಾಲ ಅವ್ರನ್ನೇ ಕೂರಿಸ್ಕೊಂಡು ಹೋಗಿ ಗಾಡಿ ನೋಡ್ದೆ. ನಾಲ್ಕೂ ಟೈರು ಕೂತಿವೆ, ಗಾಜಿನ ಮೇಲೆ ಧೂಳಲ್ಲಿ ಯಾರೋ ಮಕ್ಕಳು ಬೆರಳಲ್ಲಿ ಹೆಸರು ಬರ್ದಿದ್ದಾರೆ, ಬ್ಯಾಟರಿ ಎಂದೋ ಹೋಗಿದೆ, ಹಿಂದಿನ ಬಾಗ್ಲು ತೆರ್ಕೊಂಡಿದ್ದು ಒಳಗೆ ಬಿಯರ್ ಬಾಟ್ಲು, ಕಸದ ಕವರು, ನೀರು ನಿಂತಿರೋ ಒಂದು ಸ್ಟೆಪ್ನಿ. ಅದೆಲ್ಲಾ ಸರಿ, ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ವ್ಯಾನು ನಿಂತಿದ್ದು ತಿರುವಿನ ತುದೀಲಿ, ಪಕ್ಕದಲ್ಲೇ ಸ್ಕೂಲು. ಫುಟ್‌ಪಾತ್ ಕಿತ್ತುಹೋಗಿರೋದ್ರಿಂದ ಮಕ್ಕಳು ಅದನ್ನ ಸುತ್ಕೊಂಡು ರಸ್ತೆಗೇ ಇಳೀಬೇಕು, ಆ ಕಡೆಯಿಂದ ಬರೋ ಬೈಕಿನೋನಿಗೆ ಮಗು ಕಾಣೋದು ಕೊನೇ ಕ್ಷಣದಲ್ಲಿ.

ನಾನು ಮೋಟಾರು ಅಪಘಾತ ಪರಿಹಾರದ ಕೇಸು ನಡೆಸೋ ವಕೀಲ. ಬೀದೀಲಿ ಬಿದ್ದಿರೋ ಗಾಡಿ ಬಗ್ಗೆ ಜನ ಕೇಳೋದೆಲ್ಲಾ ಒಂದೇ ಪ್ರಶ್ನೆ, ಎಷ್ಟು ದಿನ ಆದ್ರೆ ಅದು ಬಿಟ್ಟುಹೋದ ಗಾಡಿ ಅಂತ ಲೆಕ್ಕ ಅಂತ. ಕೆಲವರು ಮೂರು ತಿಂಗಳು ಅಂತಾರೆ, ಕೆಲವರು ಟೈರ್ ಕೂತ್ರೆ ಅಂತಾರೆ, ಇನ್ನು ಕೆಲವರು ಹದಿನೈದು ವರ್ಷದ ಹಳೇ ಗಾಡಿ ಅಂದ್ರೆ ಮುಗೀತು ಅಂತಾರೆ. 1988ರ ಮೋಟಾರು ವಾಹನ ಕಾಯ್ದೆ 127ನೇ ಸೆಕ್ಷನ್ ತೆಗೆದು ನೋಡಿ, ಅಲ್ಲಿರೋದು 10 ಗಂಟೆ. ಸಾರ್ವಜನಿಕ ಜಾಗದಲ್ಲಿ ಗಾಡೀನ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋಗಿದ್ರೆ, ನೋಡೋರಿಲ್ದೆ ನಿಲ್ಲಿಸಿದ್ರೆ, ಇಲ್ಲಾ ನೋ ಪಾರ್ಕಿಂಗ್‌ನಲ್ಲಿ ಹಾಕಿದ್ರೆ, ಯೂನಿಫಾರ್ಮ್‌ನಲ್ಲಿರೋ ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಅದನ್ನ ಟೋ ಮಾಡಿಸ್ಬಹುದು ಅಥವಾ ಚಕ್ರಕ್ಕೆ ಕ್ಲ್ಯಾಂಪ್ ಹಾಕಿಸ್ಬಹುದು. ಗಾಡಿ ಹಳೇದಾ ಹೊಸದಾ, ತೊಳೆದಿದ್ದಾರಾ ಇಲ್ವಾ ಅನ್ನೋದು ಆ ಸೆಕ್ಷನ್‌ನಲ್ಲಿ ಎಲ್ಲೂ ಇಲ್ಲ. ಹಾಗಂತ ರಾತ್ರಿ ಮನೆ ಮುಂದೆ ನಿಲ್ಲಿಸಿದ ಕಾರನ್ನ ಬೆಳಿಗ್ಗೆ ಯಾರೂ ಎತ್ಕೊಂಡು ಹೋಗಲ್ಲ, ಕಾಯ್ದೆ ಮಾಡಿಸ್ಬಹುದು ಅಂತ ಅಧಿಕಾರ ಕೊಟ್ಟಿದೆ ಅಷ್ಟೆ, ಅಧಿಕಾರಿ ಜಾಗ ನೋಡಿ ವಿವೇಚನೆ ಬಳಸ್ತಾರೆ.

ಜನ ಓದದೇ ಇರೋದು ಅದೇ ಸೆಕ್ಷನ್ನಿನ ಎರಡನೇ ಭಾಗ. ಬಿಟ್ಟುಹೋಗಿರೋ, ಜಖಂ ಆಗಿರೋ, ಸುಟ್ಟಿರೋ, ಅರ್ಧಂಬರ್ಧ ಬಿಚ್ಚಿರೋ ಗಾಡಿ ತಾನು ನಿಂತಿರೋ ರೀತಿಯಿಂದಾನೇ ಓಡಾಟಕ್ಕೆ ಅಪಾಯ ಆಗಿದ್ರೆ ತಕ್ಷಣ ತೆಗೆಸ್ಬಹುದು, ಅಲ್ಲಿ ಹತ್ತು ಗಂಟೆ ಮಾತೇ ಇಲ್ಲ. ಎರಡರಲ್ಲೂ ಟೋ ಖರ್ಚು ಮಾಲೀಕನದ್ದೇ, ದಂಡ ಬೇರೆ. ಅಂದ್ರೆ ಒಂದು ಗಾಡಿ ವರ್ಷಗಟ್ಲೆ ಬಿದ್ದಿದ್ರೂ ಅಪಾಯ ಆಗ್ದೇ ಇರ್ಬಹುದು, ಇನ್ನೊಂದು ಐದೇ ನಿಮಿಷದ ಹಿಂದೆ ನಿಂತಿದ್ರೂ ಕೊಲ್ಲಬಹುದು. ನನ್ನ ಕೇಸುಗಳ ಫೈಲುಗಳಲ್ಲಿರೋದು ಹೆಚ್ಚಾಗಿ ಈ ಎರಡನೇ ಜಾತಿ.

ಒಂದು ಫೈಲಿನ ವಿಷಯ ಹೇಳ್ತೀನಿ. ಹೈವೇಲಿ ರಾತ್ರಿ ಆಕ್ಸಲ್ ಕಟ್ಟಾಗಿ ಒಂದು ಲೋಡ್ ಲಾರಿ ನಿಂತಿದೆ, ಅರ್ಧ ಮಣ್ಣಲ್ಲಿ ಅರ್ಧ ಟಾರಲ್ಲಿ. ಹಿಂದಿನ ಲೈಟಿಲ್ಲ, ರಿಫ್ಲೆಕ್ಟರ್ ಸ್ಟಿಕ್ಕರಿನ ಮೇಲೆ ಕೆಸರು ಮೆತ್ಕೊಂಡಿದೆ. ಡ್ರೈವರು ಮಾಡಿದ್ದೇನು ಅಂದ್ರೆ ನಮ್ಮ ಕಡೆ ಎಲ್ಲರೂ ಮಾಡೋದನ್ನೇ, ಪಕ್ಕದ ಹೊಂಗೆ ಮರದಿಂದ ಎರಡು ಸೊಪ್ಪಿನ ಕೊಂಬೆ ಮುರ್ದು ಹಿಂದೆ ಸಿಗಿಸಿ, ನಾಲ್ಕು ದಪ್ಪ ಕಲ್ಲು ರಸ್ತೇಲಿಟ್ಟು ಮೆಕ್ಯಾನಿಕ್ ಹುಡುಕ್ಕೊಂಡು ಹೋದ. ಫ್ಯಾಕ್ಟರಿ ಶಿಫ್ಟ್ ಮುಗಿಸ್ಕೊಂಡು ಬರ್ತಿದ್ದ ಹುಡುಗ ಎದುರಿನ ಬಸ್ಸಿನ ಹೈಬೀಮ್ ಬೆಳಕಲ್ಲಿ ಏನೂ ಕಾಣ್ದೆ ನೇರ ಹೋಗಿ ಗುದ್ದಿದ. ಅವ್ರ ತಾಯಿ ಪಾಟೀ ಸವಾಲಿನಲ್ಲಿ ನಿಂತಿದ್ದಾಗ ಇನ್ಶೂರೆನ್ಸ್ ಕಡೆ ವಕೀಲರು ಕೇಳಿದ ಮೊದಲ ಪ್ರಶ್ನೆ, ನಿಂತಿರೋ ಲಾರಿಗೆ ನಿಮ್ಮ ಮಗ ಹೋಗಿ ಗುದ್ದಿದ್ದಲ್ವಾ ಅಂತ.

ಈ ಪ್ರಶ್ನೆ ಎಲ್ಲಾ ಕೇಸಲ್ಲೂ ಬರುತ್ತೆ, ಅದಕ್ಕೆ ಉತ್ತರ 122ನೇ ಸೆಕ್ಷನ್‌ನಲ್ಲಿದೆ. ಬೇರೆಯವ್ರಿಗೆ ಅಪಾಯ, ಅಡಚಣೆ ಆಗೋ ಜಾಗದಲ್ಲಾಗ್ಲಿ ಸ್ಥಿತೀಲಾಗ್ಲಿ ಗಾಡೀನ ಬಿಡೋ ಹಾಗೇ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಕೇಸಲ್ಲಿ ರಸ್ತೆ ಮೇಲೆ ಇಂಡಿಕೇಟರ್ ಹಾಕ್ದೆ ಗ್ಯಾಸ್ ಟ್ಯಾಂಕರ್ ನಿಲ್ಲಿಸಿದ್ರು, ಕಾರು ಹೋಗಿ ಗುದ್ತು, ಹೈಕೋರ್ಟು ಅರ್ಧ ತಪ್ಪು ಕಾರಿನವ್ರದ್ದು ಅಂದಿತ್ತು. ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿ ಪೂರ್ತಿ ಹೊಣೆ ಟ್ಯಾಂಕರ್ ಕಡೆಗೇ ಹಾಕ್ತು. ಎಲ್ಲಾ ಕೇಸೂ ಹಾಗೇ ಆಗುತ್ತೆ ಅಂತಲ್ಲ, ಸ್ಪೀಡು, ಬೆಳಕು, ರಸ್ತೆ ಅಗಲ, ಮಹಜರು, ಸ್ಕೆಚ್ಚು ಎಲ್ಲಾ ನೋಡ್ತಾರೆ.

ಇನ್ನೂ ಹಳೇದೊಂದು ತೀರ್ಪು ನನ್ನ ತಲೇಲಿ ಯಾವಾಗ್ಲೂ ಇರುತ್ತೆ. 1987ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ, ಪುಣೆ ಕಡೆಯಿಂದ ಬೆಂಗಳೂರಿನ ಕಡೆ ಬರ್ತಿದ್ದ ಪೆಟ್ರೋಲ್ ಟ್ಯಾಂಕರಿಗೂ ಲಾರಿಗೂ ಬೆಳಗಿನ ಜಾವ ಡಿಕ್ಕಿ ಆಗಿ ಟ್ಯಾಂಕರ್ ರಸ್ತೆ ಪಕ್ಕ ಉರುಳ್ತು. ಸುಮಾರು ನಾಲ್ಕು ಗಂಟೆ ಹೊತ್ತು ಅದು ಅಲ್ಲೇ ಬಿದ್ದು ಪೆಟ್ರೋಲ್ ಸೋರ್ತಾ ಇತ್ತು, ಜನ ಸೇರಿದ್ರು, ಆಮೇಲೆ ಸ್ಫೋಟ ಆಗಿ ಸುಟ್ಟು ಸತ್ರು. ಟ್ಯಾಂಕರ್ ಓಡ್ತಾನೇ ಇರ್ಲಿಲ್ಲ, ಹಂಗಿದ್ಮೇಲೆ ಇದು ವಾಹನದ ಬಳಕೆಯಿಂದ ಆದ ಅಪಘಾತ ಹೆಂಗಾಗುತ್ತೆ ಅನ್ನೋದು ಆಗಿನ ವಾದ. 1991ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಕೆಟ್ಟು ನಿಂತಿರೋ, ಬಿದ್ದಿರೋ ಗಾಡಿಯಿಂದ ಆದದ್ದೂ ಬಳಕೆಯಿಂದ ಆದದ್ದೇ ಅಂತು. ಇವತ್ತಿಗೂ ನಿಂತ ಗಾಡಿ ಕೇಸಲ್ಲಿ ನಾವು ಅದನ್ನೇ ಹಿಡ್ಕೊಂಡು ವಾದ ಮಾಡೋದು.

ಕಲ್ಲಿನ ವಿಷಯಕ್ಕೆ ಬರ್ತೀನಿ, ಇದು ನನಗೆ ನಿಜವಾಗ್ಲೂ ಸಂಕಟ ತರೋ ವಿಷಯ. ಲಾರಿ ರಿಪೇರಿ ಆಗುತ್ತೆ, ಹೊರಟೋಗುತ್ತೆ, ಕಲ್ಲು ಮಾತ್ರ ಅಲ್ಲೇ. ಆಮೇಲೆ ಬರೋ ಸ್ಕೂಟರಿಗೆ ಅದು ಸಿಗುತ್ತೆ, ಕಲ್ಲಿಗೆ ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ಇಟ್ಟೋನು ಯಾರು ಅಂತ ಗೊತ್ತಾಗಲ್ಲ, ಬಿದ್ದೋರ ಮನೆಯವ್ರು ನನ್ನ ಹತ್ರ ಬಂದಾಗ ಯಾರ ಮೇಲೆ ಕೇಸ್ ಹಾಕೋದು ಅಂತ ನಾನೇ ತಲೆ ಮೇಲೆ ಕೈ ಇಟ್ಕೊಂಡು ಕೂತಿದ್ದೀನಿ. ಡ್ರೈವರ್ ಅಣ್ಣಂದಿರು ದಯವಿಟ್ಟು ರಿಫ್ಲೆಕ್ಟರ್ ತ್ರಿಕೋನ ಇಟ್ಕೊಳ್ಳಿ, ಎಮರ್ಜೆನ್ಸಿ ಲೈಟ್ ಹಾಕಿ, ಅದೂ ಇಲ್ಲ ಅಂದ್ರೆ ಕ್ಲೀನರನ್ನ ದೂರದಲ್ಲಿ, ರಸ್ತೆಯಿಂದ ಕೆಳಗೆ ನಿಲ್ಸಿ ಟಾರ್ಚ್ ತೋರಿಸೋಕೆ ಹೇಳಿ, ಅಕಸ್ಮಾತ್ ಕಲ್ಲಿಟ್ರೆ ಹೊರಡೋ ಮುಂಚೆ ಕೈಯಾರೆ ಎತ್ತಿ ಪಕ್ಕಕ್ಕೆ ಹಾಕಿ.

ಕೆಟ್ಟು ನಿಂತಿದ್ದಕ್ಕೆಲ್ಲಾ ದಂಡ ಬೀಳುತ್ತೆ ಅನ್ನೋ ಭಯ ಬೇಡ. 201ನೇ ಸೆಕ್ಷನ್ ಪ್ರಕಾರ ಕೆಟ್ಟ ಗಾಡೀನ ಸಂಚಾರಕ್ಕೆ ಅಡ್ಡ ಆಗೋ ಹಾಗೆ ಇಟ್ಕೊಂಡ್ರೆ 500 ರೂಪಾಯಿವರೆಗೆ ದಂಡ, ಆದ್ರೆ ದಿಢೀರ್ ಕೆಟ್ಟಿದ್ದು ತೆಗೆಸೋ ಕೆಲಸ ನಡೀತಾ ಇದ್ರೆ ಅದು ಲಾಗೂ ಆಗಲ್ಲ ಅಂತ 2019ರ ತಿದ್ದುಪಡೀಲಿ ಸೇರಿಸಿದ್ದಾರೆ. ಟೋ ಗಾಡಿಗೆ ಫೋನ್ ಮಾಡಿದ್ದು, ಮೆಕ್ಯಾನಿಕ್‌ಗೆ ದುಡ್ಡು ಹಾಕಿದ್ದು, ಆ ದಾಖಲೆ ಮೊಬೈಲಲ್ಲೇ ಇರುತ್ತೆ, ಡಿಲೀಟ್ ಮಾಡ್ಬೇಡಿ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ನೂ ಇದೆ, ಅದ್ರಲ್ಲಿ ದಂಡ 5000ದವರೆಗೆ, ಹಳೇ ಐಪಿಸೀಲಿ ಇದೇ ತಪ್ಪಿಗೆ 200 ರೂಪಾಯಿ ಇತ್ತು.

ಸ್ಟೇಷನ್ ಮುಂದೆ ಸಾಲಾಗಿ ತುಕ್ಕು ಹಿಡೀತಿರೋ ಗಾಡಿಗಳದ್ದೂ ಹೇಳ್ಬೇಕು. ಅವು ಬಿಟ್ಟುಹೋದ ಗಾಡಿಗಳಲ್ಲ, ಕೇಸಿನ ಗಾಡಿಗಳು. ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸ್ಕೊಂಡು ಬೇಗ ಬಿಡ್ಬೇಕು, ಸ್ಟೇಷನ್‌ನಲ್ಲಿ ಸುಮ್ನೆ ಇಟ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಿಮ್ಮ ಗಾಡಿ ಅಲ್ಲಿದ್ರೆ ಕೇಸ್ ಮುಗೀಲಿ ಅಂತ ಕಾಯ್ಬೇಡಿ, ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ.

ಬೀದೀಲಿರೋ ಗಾಡಿ ಬಗ್ಗೆ ದೂರು ಕೊಡೋವಾಗ ಹಳೇ ಗಾಡಿ, ಗಲೀಜು ಗಾಡಿ ಅಂತ ಬರೆದ್ರೆ ಅದು ಅಲ್ಲೇ ಕೂರುತ್ತೆ. ನಂಬರ್ ಪ್ಲೇಟ್ ಕಾಣೋ ಫೋಟೋ, ಎಂದಿನಿಂದ ಇದೆ, ತಿರುವಿನಲ್ಲಾ ಸ್ಕೂಲ್ ಹತ್ರಾನಾ, ರಾತ್ರಿ ಬೆಳಕಿದ್ಯಾ, ಜನ ರಸ್ತೆಗಿಳಿದು ಹೋಗ್ಬೇಕಾ, ಗಾಜು ಒಡೆದಿದ್ಯಾ, ಎಣ್ಣೆ ಸೋರ್ತಿದ್ಯಾ, ಇದನ್ನ ಬರೀರಿ, 127ರ ಎರಡನೇ ಉಪಸೆಕ್ಷನ್ ಅಂತ ಒಂದು ಸಾಲು ಸೇರಿಸಿ. ಕದ್ದ ಗಾಡೀನೂ ಎಷ್ಟೋ ಸಲ ಹೀಗೇ ಸಿಗೋದು, ಅದಕ್ಕೆ ಪೊಲೀಸ್ರಿಗೆ ತಿಳಿಸೋದು ಮುಖ್ಯ, ನೀವೇ ತಳ್ಳೋದು, ಗುಜರಿಯವ್ರಿಗೆ ತೋರ್ಸೋದು ಮಾಡ್ಬೇಡಿ, ಕಳ್ಳತನದ ಕೇಸ್ ನಿಮ್ಮ ಮೇಲೇ ಬರುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿರೋ ಗಾಡಿಗೆ ಈ ಸೆಕ್ಷನ್ ಸಾಮಾನ್ಯವಾಗಿ ಬರಲ್ಲ, ಅದು ಸಾರ್ವಜನಿಕ ಜಾಗ ಅಲ್ವಲ್ಲ.

ಮೇಷ್ಟ್ರ ವಿಷಯಕ್ಕೆ ಬಂದ್ರೆ, ಕಾಯ್ದೆ ಲೆಕ್ಕದಲ್ಲಿ ಆರ್‌ಸೀಲಿ ಹೆಸರಿರೋರೇ ಮಾಲೀಕರು. ಕೈಯಿಂದ ಕೈಗೆ ಹಲವು ಸಲ ಮಾರಾಟ ಆದ ಕಾರಿನ ಅಪಘಾತದಲ್ಲೂ ರಿಜಿಸ್ಟರ್ಡ್ ಮಾಲೀಕನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಯಾಗಿದೆ. ಒಂದೇ ರಾಜ್ಯದೊಳಗೆ ಮಾರಿದ್ರೆ ಮಾರಿದೋರು 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಆ ಕೆಲಸಾನ ತಗೊಂಡೋನಿಗೆ ಬಿಡೋ ಹಾಗಿಲ್ಲ. ತಗೊಂಡೋನ ಫೋನ್ ಈಗ ಚಾಲ್ತೀಲಿಲ್ಲ. ನೋಟಿಸಿಗೆ ಉತ್ತರ ಬರೆದ್ವಿ, ವ್ಯಾನು ಅಲ್ಲಿಂದ ತೆಗೆಸಿದ್ವಿ, ಟೋ ದುಡ್ಡು ಮೇಷ್ಟ್ರ ಪೆನ್ಷನ್ನಿಂದಾನೇ ಹೋಯ್ತು. ಆರ್‌ಸಿ ರದ್ದು ಮಾಡ್ಸಿ ಸರ್ಕಾರದ ಮಾನ್ಯತೆ ಇರೋ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಡೋ ಕಾಗದಪತ್ರ ನಡೀತಾ ಇದೆ.

ಮೊನ್ನೆ ಸೈನ್ ಹಾಕೋಕೆ ಬಂದಿದ್ದೋರು ಹೊರಡೋವಾಗ ಬಾಗ್ಲಲ್ಲಿ ನಿಂತು, "ಸಾರ್, ಒಂದು ಸ್ಕೂಟರೂ ಹೀಗೇ ಮಾರಿದ್ದೆ, ನಂಬರ್ ಹಾಕಿ ನೋಡ್ತೀರಾ" ಅಂದ್ರು. ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ಹಾಕಿ ನೋಡಿದ್ವಿ. ಇನ್ನೂ ಅವ್ರ ಹೆಸರಲ್ಲೇ ಇದೆ.